ಚಿಕ್ಕಪ್ಪನ ಕೊಸರು

ನಮ್ಮ ಚಿಕ್ಕಪ್ಪ ದೇವರ ಹತ್ತಿರವೂ ಚೌಕಾಸಿ ಮಾಡಿಯೇ ಈ ಭೂಮಿಗೆ ಬಂದವರು. ಅನುಮಾನವಿದ್ದರೆ ಅವರ ಎಡಗೈ ನೋಡಿ, ಆರು ಬೆರಳು! ಎಲ್ಲರಿಗೂ ಐದೈದು ಕೊಟ್ಟ ದೇವರು ಇವರ ಕಾಟ ತಡೆಯಲಾರದೆ ಒಂದನ್ನು ಕೊಸರು ಹಾಕಿ ಕಳಿಸಿದ್ದಾನೆ.

ಕೊಸರು ಅಂದರೆ, ಕೊಂಡದ್ದರ ಮೇಲೆ ಸುಮ್ಮನೆ ಒಂದಿಷ್ಟು ಹಾಕುತ್ತಾರಲ್ಲ, ಅದು. ಅದಕ್ಕಾಗಿ ಚಿಕ್ಕಪ್ಪ ಹರಿಹರದಿಂದ ಮೊದಲ ಬಸ್ಸು ಹಿಡಿದು ದಾವಣಗೆರೆ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಹರಿಹರದಲ್ಲೇನು ಬದನೆಕಾಯಿ ಸಿಗುವುದಿಲ್ಲವೇ? "ಸಿಗ್ತಾವೋ. ಆದ್ರ ಕೊಸರು ಹಾಕೋ ಕೈ ಸಿಗಂಗಿಲ್ಲ" ಅನ್ನುವರು. ಕಟಿಂಗ್ ಶಾಪಿನಲ್ಲಿ ತಲೆ ಮುಗಿದ ಮೇಲೆ ಕಿವಿಗೂದಲು ಕೊಸರು. ಬಸ್ಸಿನಲ್ಲಿ, ಸ್ಟಾಪು ದಾಟಿ ಹತ್ತು ಮಾರು ಕೊಸರು! ಜೊತೆಯಲ್ಲಿದ್ದರೆ ನನಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಹೋದ ವರ್ಷ ಚಿಕ್ಕಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಪಾಲಕ್ ಸೊಪ್ಪಿನ ತಿಳಿಸಾರು ಬಿಟ್ಟು ಬೇರೇನೂ ಅವರ ಗಂಟಲಲ್ಲಿ ಇಳಿಯದು. ಚಿಕ್ಕಪ್ಪ ಶಾಮನೂರಿನ ನಮ್ಮ ಮನೆಯಲ್ಲೇ ಉಳಿದರು. ದಿನಾ ಬೆಳಿಗ್ಗೆ ಐದಕ್ಕೆ ನನ್ನ ಬೈಕು ಮಾರ್ಕೆಟ್ಟಿನ ಕೊಳೆತ ಎಲೆಕೋಸಿನ ವಾಸನೆಯೊಳಗೆ ನುಗ್ಗುತ್ತಿತ್ತು.

ಸೊಪ್ಪಿನ ಸಾಬರು ಒಂದು ದಿನ ನಕ್ಕೇಬಿಟ್ಟರು. "ಯಜಮಾನ್ರೆ, ನೀವು ತಗಳೋದು ಎರಡು ಕಟ್ಟು, ಕೊಸರು ಮೂರು ಕಟ್ಟು ಕೇಳ್ತೀರಲ್ರಿ!"

"ನಾನು ಬಂದಿರೋದೇ ಕೊಸರಿಗೆ. ಸೊಪ್ಪು ಬರೀ ನೆಪ ಕಣ್ರಿ."

ಅವತ್ತೇ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಆಪರೇಷನ್ ಮಾಡುವ ಹಾಗಿಲ್ಲ, ದಸರಾ ತನಕ ಇದ್ದರೆ ಹೆಚ್ಚು ಎಂದರು. ಚಿಕ್ಕಪ್ಪ ಹನ್ನೊಂದೂ ಬೆರಳು ಜೋಡಿಸಿ ನಿಂತರು.

"ಸಾಹೇಬ್ರೆ, ಮ್ಯಾಲೊಂದಿಷ್ಟು ಕೊಸರು ಹಾಕ್ರಿ."

ನನಗೆ ಅಭ್ಯಾಸಬಲದಿಂದ ನಗು ಬಂತು, ಬಂದದ್ದು ಅಲ್ಲೇ ಸಿಕ್ಕಿಕೊಂಡಿತು. ಡಾಕ್ಟರು ಮಾತ್ರ ನಗಲಿಲ್ಲ. "ಅದು ನನ್ನ ಕೈಯಾಗಿಲ್ಲ ಯಜಮಾನ್ರೆ" ಎಂದು ತಲೆ ತಗ್ಗಿಸಿದರು. ಇದೊಂದೇ ಅಂಗಡಿಯಲ್ಲಿ ಚಿಕ್ಕಪ್ಪ ಬರಿಗೈಲಿ ವಾಪಸು ಬಂದದ್ದು.

ಆಮೇಲೆ ಅವರು ಸಿಕ್ಕಸಿಕ್ಕವರನ್ನು ಪೀಡಿಸಿದರು. ಭೇಟಿಯ ಹೊತ್ತು ಮುಗಿದ ಮೇಲೆ ಐದು ನಿಮಿಷ ಕೊಸರು, ಚಿಕ್ಕಮ್ಮ ಬಾಯಿ ಮುಚ್ಚಿದ ಮೇಲೆ ಒಂದು ಚಮಚ ಸಾರು ಕೊಸರು. ದಸರಾ ಬಂತು, ಹೋಯಿತು. ಮರುದಿನ ಚಿಕ್ಕಮ್ಮ ಕಣ್ಣು ಬಿಟ್ಟು, "ಇವತ್ತಿಂದ ನಿಮ್ಮ ಕೊಸರು ನೋಡ್ರಿ" ಅಂದರು. ಯಾರು ಹೇಳಿದ್ದರೋ ಅವರಿಗೆ! ಚಿಕ್ಕಪ್ಪ ಹೊರಗೆ ಹೋಗಿ ಅತ್ತು ಬಂದರು.

ಒಂಬತ್ತನೇ ದಿನ ಬೆಳಗಿನ ಜಾವ ನಾವು ಮಾರ್ಕೆಟ್ಟಿನಲ್ಲಿದ್ದಾಗ ನರ್ಸಮ್ಮನ ಫೋನು ಬಂತು. ಸೊಪ್ಪು ಕೈಯಲ್ಲಿ ಹಿಡಿದೇ ಓಡಿದೆವು. ಚಿಕ್ಕಮ್ಮ ಹೋಗಿಬಿಟ್ಟಿದ್ದರು.

ಅವರ ಕಾರ್ಯದ ಅಡುಗೆಗೆ ತರಕಾರಿ ತರಲು ಮತ್ತೆ ಅದೇ ಮಾರ್ಕೆಟ್ಟಿಗೆ ಹೋದೆವು. ಚಿಕ್ಕಪ್ಪ ಏನನ್ನೂ ಕೇಳಲಿಲ್ಲ. ವಿಷಯ ತಿಳಿದ ಸಾಬರು ತಾವಾಗಿಯೇ ನಾಲ್ಕು ಕಟ್ಟು ಪಾಲಕ್ ಎತ್ತಿ ಚೀಲಕ್ಕೆ ಹಾಕಿದರು.

ಚಿಕ್ಕಪ್ಪ ಬಗ್ಗಿ ಒಂದೊಂದೇ ಕಟ್ಟು ತೆಗೆದು ಅವರ ಗೋಣಿಚೀಲದ ಮೇಲಿಟ್ಟರು.

"ಬ್ಯಾಡ್ರಿ ಸಾಬ್ರೆ. ಒಂಬತ್ತು ದಿನ ಹಾಕಿ ಹೋಗ್ಯಾಳ. ನನಗೆ ಅಷ್ಟು ಸಾಕು."