ಹೊಸ್ತಿಲಲ್ಲಿ ಸಿಲುಕಿದವರಿಗೆ ಸುಳಿವು ನೀಡುವ ಬಗ್ಗೆ

ಸುಳಿವು ವಿಭಾಗ
ಟೋಕಿಯೋ

ಸಂಖ್ಯೆ: ಸುವಿ/ಛತ್ರ/ಹೊಸ್ತಿಲು/೭
ಶೋವಾ ೬೧ (ಕ್ರಿ.ಶ. ೧೯೮೬), ಏಪ್ರಿಲ್

ಸುತ್ತೋಲೆ

ವಿಷಯ: "ಹಿಮದೂರಿನ ಛತ್ರ" ಎಂಬ ಕಂಪ್ಯೂಟರ್ ಆಟದಲ್ಲಿ ಛತ್ರದ ಹೊಸ್ತಿಲು ದಾಟಲಾಗದೆ ದೂರವಾಣಿ ಕರೆ ಮಾಡುವ ಸಾರ್ವಜನಿಕರಿಗೆ ಸುಳಿವು ನೀಡುವಾಗ ಪಾಲಿಸಬೇಕಾದ ಕ್ರಮಗಳು; ಹಾಗೂ ಸಿಬ್ಬಂದಿಯ ನಿಟ್ಟುಸಿರು, ಕೆಮ್ಮು ಮತ್ತು ನಗುವಿನ ನಿಯಂತ್ರಣ.

ಉಲ್ಲೇಖ:
೧) ಒಗಟು ರಚನಾಕಾರರಾದ ಶ್ರೀ ಇಸುರುಗಿ ಅವರ ಟಿಪ್ಪಣಿ: "ಇದು ಮಕ್ಕಳಿಗೂ ಹೊಳೆಯುತ್ತದೆ."
೨) ಮಕ್ಕಳ ದೂರುಗಳು.
೩) ಮತ್ಸುಮೋತೊ ಪಟ್ಟಣದ ಕ್ಷೌರಿಕ ಶ್ರೀ ಉದಗಾವಾ ಅವರ ದೂರವಾಣಿ ಕರೆಗಳು, ಮತ್ತು ಸದರಿಯವರ ಗಡ್ಡ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಿಭಾಗದ ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

೧. ನಮ್ಮ ಕಂಪನಿಯ ಸದರಿ ಆಟವು ಕ್ಯಾಸೆಟ್ಟಿನಲ್ಲಿ ಮಾರಾಟವಾಗುತ್ತಿದ್ದು, ಆಟಗಾರನು ತಾನು ಮಾಡಬೇಕೆಂದಿರುವ ಪ್ರತಿಯೊಂದು ಕೆಲಸವನ್ನೂ ಕೀಲಿಮಣೆಯಲ್ಲಿ ಬರೆದು ಯಂತ್ರಕ್ಕೆ ತಿಳಿಸಬೇಕಾಗಿರುತ್ತದೆ. ಬರೆಯದೆ ಇದ್ದದ್ದು ನಡೆದಿರುವುದಿಲ್ಲ. ಆಟಗಾರನು ಹಿಮ ಬೀಳುವ ಬೆಟ್ಟ ಹತ್ತಿ, ಹಳೆಯದೊಂದು ಛತ್ರದ ಬಾಗಿಲು ಸರಿಸಿ ಒಳಗೆ ಕಾಲಿಡುತ್ತಾನೆ. ಕೂಡಲೇ ಛತ್ರದ ಯಜಮಾನಿ ಎದುರು ಬಂದು, "ಅಯ್ಯೋ, ಹೀಗೇ ಬಂದ್ಬಿಡೋದಾ?" ಎಂದು ಕೇಳಿ ಅವನನ್ನು ಹಿಮಕ್ಕೆ ದಬ್ಬುತ್ತಾಳೆ. ಕಥೆಯ ಉಳಿದ ಭಾಗವೆಲ್ಲ ಒಳಗಿದೆ. ಆಟ ಕೊಂಡವರೆಲ್ಲ ಹೊರಗಿದ್ದಾರೆ.

೨. (ಗೋಪ್ಯ.) ಉತ್ತರ: ಒಳಗೆ ಕಾಲಿಡುವ ಮುನ್ನ "ಪಾದರಕ್ಷೆ ಬಿಚ್ಚು" ಎಂದು ಬರೆಯಬೇಕು. ಅಷ್ಟೇ. ನಡೆಯಲು ಕಲಿತಂದಿನಿಂದ ಯಾರೂ ಯಾರಿಗೂ ಹೇಳದೆ ಮಾಡಿಕೊಂಡು ಬಂದಿರುವ ಕೆಲಸವಾದುದರಿಂದ, ಅದನ್ನು ಯಂತ್ರಕ್ಕೆ ಬಾಯಿಬಿಟ್ಟು ಹೇಳಬೇಕೆಂದು ಕರೆ ಮಾಡಿದವರಲ್ಲಿ ಒಬ್ಬರಿಗೂ ಹೊಳೆದಿರುವುದಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ ಎಂಬುದು ವಿಭಾಗದ ಅಭಿಪ್ರಾಯ. ಆದರೆ ಆ ಗಾದೆಯನ್ನು ಫೋನಿನಲ್ಲಿ ಹೇಳತಕ್ಕದ್ದಲ್ಲ, ಅದೂ ಸುಳಿವೇ.

೩. ಯಜಮಾನಿಯ ಮಾತು ಕೇಳಿದ ಸಾರ್ವಜನಿಕರು, ತಾವು ಬರಿಗೈಯಲ್ಲಿ ಬಂದದ್ದೇ ತಪ್ಪಾಯಿತೆಂದು ಭಾವಿಸಿ ಕಾಣಿಕೆ ಕೊಡತೊಡಗಿರುವುದು ಗಮನಕ್ಕೆ ಬಂದಿರುತ್ತದೆ. ಮೂಲಂಗಿ ಉಪ್ಪಿನಕಾಯಿ, ಲಾಟೀನು, ಕೊಡೆ, ಒಣಮೀನು, ಹೀಗೆ ಚೀಲದಲ್ಲಿದ್ದುದೆಲ್ಲವನ್ನೂ ಅರ್ಪಿಸಲಾಗಿದೆ. ಯಜಮಾನಿ ಎಲ್ಲವನ್ನೂ ಎರಡು ಕೈಯಲ್ಲಿ ವಿನಯದಿಂದ ಪಡೆದು, ಆಮೇಲೆ ದಬ್ಬುತ್ತಾಳೆ. ಯಾವುದನ್ನೂ ಹಿಂತಿರುಗಿಸುವುದಿಲ್ಲ. ಆಟದ ಕೊನೆಯಲ್ಲಿ ಬಾವಿ ಕಾಯುವ ಬೆಕ್ಕಿಗೆ ಅದೇ ಒಣಮೀನು ಬೇಕಾಗಿರುವುದರಿಂದ, ಅದನ್ನು ಕೊಟ್ಟು ಕುಳಿತವರ ಆಟ ಎಂದೆಂದಿಗೂ ಮುಗಿಯುವಂತಿಲ್ಲ. ಅಂಥವರೊಡನೆ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡತಕ್ಕದ್ದು. ಯಾರು ಸತ್ತರೆಂದು ಕೇಳಿದರೆ ಹೇಳತಕ್ಕದ್ದಲ್ಲ.

೪. ಸದರಿ ಒಗಟು ನ್ಯಾಯವಾದುದೋ ಅಲ್ಲವೋ ಎಂದು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಲಾಗಿತ್ತು. ಸದಸ್ಯರೆಲ್ಲ ಚಾಪೆ ಹಾಸಿದ ಸಭಾಕೋಣೆಯ ಮುಂದೆ ತಮ್ಮ ತಮ್ಮ ಬೂಟು ಬಿಚ್ಚಿ, ಮೂತಿಗಳನ್ನು ಬಾಗಿಲ ಕಡೆಗೆ ತಿರುಗಿಸಿ ಸಾಲಾಗಿ ಜೋಡಿಸಿ, ಒಳಗೆ ಹೋಗಿ ಕುಳಿತು ಆಟ ಆಡಿದರು. ಎಲ್ಲರೂ ಹಿಮಕ್ಕೆ ಬಿದ್ದರು. ಒಬ್ಬ ಸದಸ್ಯರಿಗೆ ನಿಜವಾಗಿಯೂ ನೆಗಡಿಯಾಯಿತು. ತರುವಾಯ ಶ್ರೀ ಇಸುರುಗಿ ಅವರು ಉತ್ತರವನ್ನು ಓದಿ ಹೇಳಿದಾಗ, ತಾನೇ ಕಂಡುಹಿಡಿಯುವೆನೆಂದು ಹಟ ಹಿಡಿದಿರುವ ವಿಭಾಗದ ಮುಖ್ಯಸ್ಥರಾದ ಶ್ರೀ ಶಿಮೊಜೊ ಅವರು ಎರಡೂ ಕಿವಿ ಮುಚ್ಚಿಕೊಂಡು ಹೊರನಡೆದರು. ಹೋಗುವಾಗ ಬೂಟು ಮಾತ್ರ ಮರೆಯದೆ ಹಾಕಿಕೊಂಡರು. ಸಮಿತಿಯ ವರದಿ: ಒಗಟಿನಲ್ಲಿ ದೋಷವಿಲ್ಲ. ಸಾರ್ವಜನಿಕರ ತಾಯಂದಿರು ಅವರನ್ನು ಅಗತ್ಯಕ್ಕಿಂತ ಚೆನ್ನಾಗಿ ಬೆಳೆಸಿದ್ದಾರೆ.

೫. ಈಗಾಗಲೇ ಆದೇಶಿಸಿರುವಂತೆ, ಸುಳಿವುಗಳನ್ನು ಕೆಳಕಂಡ ಕ್ರಮದಲ್ಲಿ ಮಾತ್ರ ನೀಡತಕ್ಕದ್ದು.
(ಅ) ಮೊದಲ ಕರೆಗೆ: "ಯೋಚಿಸಿ."
(ಆ) ಎರಡನೆಯ ಕರೆಗೆ: "ಇನ್ನೂ ಸ್ವಲ್ಪ ಯೋಚಿಸಿ."
(ಇ) ಮೂರನೆಯ ಕರೆಗೆ: "ಯೋಚಿಸಬೇಡಿ." ಇದು ನಮ್ಮ ವಿಭಾಗದ ಅತ್ಯಂತ ದೊಡ್ಡ ಸುಳಿವಾಗಿದ್ದು, ಮಿತವಾಗಿ ಬಳಸತಕ್ಕದ್ದು.

೬. ನಿಟ್ಟುಸಿರು ಸುಳಿವಲ್ಲ. ನಿಟ್ಟುಸಿರಿನ ನಂತರದ ಮೌನ ಸುಳಿವು. ಕೆಮ್ಮಿಗೆ ಅನುಮತಿ ಇದೆ. ಆದರೆ ಆಟಗಾರನು "ಬಾಗಿಲು" ಎಂದಾಗಲೇ ಕೆಮ್ಮುವುದನ್ನು ನಿಷೇಧಿಸಲಾಗಿದೆ. ಕರೆ ಬಂದಾಗ ಸಿಬ್ಬಂದಿಯವರು ತಮ್ಮ ಕಾಲಿನತ್ತ ನೋಡತಕ್ಕದ್ದಲ್ಲ. ಫೋನಿನಲ್ಲಿ ಅದು ಕಾಣುವುದಿಲ್ಲವೆಂಬ ವಾದವನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

೭. ಶ್ರೀ ಉದಗಾವಾ ಅವರ ಪ್ರಕರಣ. ಸದರಿಯವರು, ಕಾಯುವ ಗಿರಾಕಿಗಳಿಗೆ ಹೊತ್ತು ಹೋಗಲೆಂದು ತಮ್ಮ ಕ್ಷೌರದಂಗಡಿಯ ಮೂಲೆಯಲ್ಲಿ ಕಂಪ್ಯೂಟರೊಂದನ್ನು ತಂದಿಟ್ಟರು. ಗಿರಾಕಿಗಳು ಆಡಿ, ಸೋತು, ಮನೆಗೆ ಹೋದರು. ಇವರು ಹೊಸ್ತಿಲಲ್ಲೇ ಉಳಿದರು. ಹೊಸ ವರ್ಷದ ದಿನ ಕಣ್ಣು ಬರೆಯದೆ ಮಾರುವ ಕೆಂಪು ಹರಕೆಗೊಂಬೆ ದರುಮಾದ ಒಂದು ಕಣ್ಣಿಗೆ ಮಸಿ ತುಂಬಿ, ಛತ್ರದೊಳಗೆ ಹೋದ ದಿನವೇ ಇನ್ನೊಂದು ಕಣ್ಣು, ಅಲ್ಲಿಯವರೆಗೆ ತನ್ನ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂದು ಹರಕೆ ಹೊತ್ತರು. ಹರಕೆ ಹೊರುವಾಗ ಮಗಳ ಮದುವೆ ಗೊತ್ತಾಗಿರಲಿಲ್ಲ. ಆಮೇಲೆ ಗೊತ್ತಾಯಿತು.

ಗಡ್ಡ ದೇವರ ದಯೆಯಿಂದ ಹುಲುಸಾಗಿ ಬೆಳೆಯಿತು. ತನ್ನ ಗಡ್ಡ ತೆಗೆಯಲಾರದವನು ನಮ್ಮದೇನು ತೆಗೆದಾನು ಎಂದು ಹಳೆಯ ಗಿರಾಕಿಗಳು ಸೇತುವೆಯಾಚೆಯ ಅಂಗಡಿಗೆ ತಿರುಗಿದರು. ಹೆಂಡತಿ ಫುಸಾನೊ ಅವರು ಊಟ ಬಡಿಸುತ್ತ, ಬಟ್ಟಲನ್ನು ಎಲ್ಲಿ ಇಡಬೇಕು, ಬಾಯಿ ಎಲ್ಲಿದೆ ಎಂದು ಕೇಳತೊಡಗಿದರು. ಮಗಳು ಮಿಯೋಕೊ ಒಂದು ಸಂಜೆ, "ಅಪ್ಪಾ, ಫೋಟೋದಲ್ಲಿ ನೀವು ಹಿಂದಿನ ಸಾಲಲ್ಲಿ ನಿಲ್ಲಿ. ಬೆಟ್ಟದಿಂದ ಕರಡಿ ಇಳಿದಿದೆ ಅಂತ ಗಂಡಿನ ಕಡೆಯೋರು ಓಡಿಹೋದಾರು," ಎಂದು ನಕ್ಕಳು. ನಕ್ಕವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಂದಿನಿಂದ ಶ್ರೀ ಉದಗಾವಾ ಅವರ ಕರೆಗಳು ದಿನಕ್ಕೊಂದರಂತೆ ಬರತೊಡಗಿದವು.

೮. ಸದರಿ ಕರೆಗಳನ್ನು ಸ್ವೀಕರಿಸುತ್ತಿದ್ದವರು ವಿಭಾಗದ ಕುಮಾರಿ ನೊನೊಮುರಾ. ಕ್ಷೌರಿಕರು ಇವರನ್ನು "ಸುಳಿವಮ್ಮ" ಎಂದು ಕರೆಯುತ್ತಿದ್ದುದು ಕಂಡುಬಂದಿರುತ್ತದೆ. ಈ ಹುದ್ದೆ ವಿಭಾಗದಲ್ಲಿ ಮಂಜೂರಾಗಿರುವುದಿಲ್ಲ. ಕುಮಾರಿ ನೊನೊಮುರಾ ಅವರು (ಅ), (ಆ), (ಇ) ಮೂರೂ ಸುಳಿವುಗಳನ್ನು ಮುಗಿಸಿ, ನಿಟ್ಟುಸಿರಿಟ್ಟು, ಕೆಮ್ಮಿ, ಮತ್ತೆ (ಅ)ಯಿಂದ ಆರಂಭಿಸಿ ಸಾಕಾಗಿದ್ದರು. ಯಾರದೋ ಮನೆಯ ಮದುವೆ ತನ್ನ ನಾಲಿಗೆಯ ತುದಿಯಲ್ಲಿ ಕಟ್ಟಿಹಾಕಿದ ಹಾಗೆ ಅವರಿಗೆ ಅನ್ನಿಸುತ್ತಿತ್ತು. ಮಧ್ಯಾಹ್ನದ ಡಬ್ಬಿ ಬಿಚ್ಚಿದರೆ ಅನ್ನ ಸೇರುತ್ತಿರಲಿಲ್ಲವೆಂದು ಪಕ್ಕದ ಮೇಜಿನವರು ಹೇಳಿಕೆ ನೀಡಿರುತ್ತಾರೆ.

ಮದುವೆಯ ಹಿಂದಿನ ದಿನ ಕುಮಾರಿ ನೊನೊಮುರಾ ಅವರೇ ಕ್ಷೌರಿಕರಿಗೆ ಫೋನ್ ಮಾಡಿರುತ್ತಾರೆ. ಸುಳಿವು ವಿಭಾಗವು ತಾನಾಗಿ ಸಾರ್ವಜನಿಕರಿಗೆ ಕರೆ ಮಾಡಿದ ನಿದರ್ಶನ ಇದುವರೆಗೆ ಇರುವುದಿಲ್ಲ. ಸಂಭಾಷಣೆಯನ್ನು ವಿಚಾರಣೆಗಾಗಿ ಯಥಾವತ್ತಾಗಿ ದಾಖಲಿಸಲಾಗಿದೆ:

"ಉದಗಾವಾ ಅವರೇ, ನಾಳೆ ಮದುವೆ. ಉತ್ತರ ಹೇಳ್ಬಿಡ್ತೀನಿ, ಕೇಳಿಸ್ಕೊಳ್ಳಿ. ನನ್ನ ಕೆಲಸ ಹೋದ್ರೆ ಹೋಗ್ಲಿ."

"ಬೇಡ ಸುಳಿವಮ್ಮ. ನೀವು ಹೇಳಿ ನಾನು ಹೋದ್ರೆ, ಒಳಗೆ ಹೋದೋರು ನೀವು. ನಾನು ಹೊರಗೇ ಇದ್ದ ಹಾಗೆ. ಆಮೇಲೆ ಆ ಒಂಟಿಕಣ್ಣ ದರುಮಾನ ಮುಖ ಹೇಗೆ ನೋಡ್ಲಿ?"

"ಮಗಳ ಮುಖ ಹೇಗೆ ನೋಡ್ತೀರಿ?"

ಈ ಹಂತದಲ್ಲಿ ಕ್ಷೌರಿಕರು ಗಡ್ಡ ಕೆರೆದುಕೊಳ್ಳುವ ಸದ್ದು ಕೇಳಿಬಂದಿರುತ್ತದೆ. ಆಗ ಕುಮಾರಿ ನೊನೊಮುರಾ ಅವರಿಗೆ, ಒಲೆಯ ಬೂದಿ ಕೆದಕುತ್ತ ಕಥೆ ಹೇಳುತ್ತಿದ್ದ ತಮ್ಮ ಅಜ್ಜಿ ನೆನಪಾಗಿರುತ್ತಾರೆ. ಮೊಮ್ಮಕ್ಕಳು ದಡದಡ ಓಡಿಬಂದಾಗಲೆಲ್ಲ ಆ ಮುದುಕಿ ಹೇಳುತ್ತಿದ್ದ ಮಾತನ್ನೇ ಸದರಿಯವರು ಫೋನಿನಲ್ಲಿ ಹೇಳಿ ಕೆಳಗಿಟ್ಟಿರುತ್ತಾರೆ:

"ಸರಿ. ನಾಳೆ ಬಾಗಿಲಲ್ಲಿ ಸ್ವಲ್ಪ ನಿಧಾನ ಮಾಡಿ."

೯. ಮರುದಿನ ನಡೆದ ಘಟನೆಗಳು. ಶ್ರೀ ಉದಗಾವಾ ಅವರು ದಿನವೂ ಮೆಟ್ಟುವುದು ಮರದ ಚಪ್ಪಲಿ; ಅದು ಬಾಗಿಲು ಕಂಡರೆ ತಾನೇ ಕಾಲಿನಿಂದ ಜಾರುತ್ತದೆ, ಮೆಟ್ಟಿದವನಿಗೆ ಗೊತ್ತೇ ಆಗುವುದಿಲ್ಲ. ಮದುವೆಗೆಂದು ಅವರು ಭಾವಮೈದನ ಕಪ್ಪು ಬೂಟು ಹಾಕಿಕೊಂಡು ಹೋಗಿದ್ದರು. ಅದು ಬಿಗಿಯಾಗಿತ್ತು. ದೇವಸ್ಥಾನದ ಮಂಟಪದ ಮೆಟ್ಟಿಲ ಬಳಿ ಎಲ್ಲರೂ ಪಾದರಕ್ಷೆ ಕಳಚಿ ಹತ್ತಿಹೋದರು. ಇವರದು ಒಂದು ಬೂಟು ಬಂತು, ಇನ್ನೊಂದು ಬರಲಿಲ್ಲ. ಎಳೆದರು, ಹಿಮ್ಮಡಿ ಒದರಿದರು, ಬರಲಿಲ್ಲ. ಹಿಂದಿನ ದಿನದ ಮಾತು ನೆನಪಾಯಿತು. ಅವಸರ ಬಿಟ್ಟು ಮೆಟ್ಟಿಲ ಮೇಲೆ ಕುಳಿತು, ಹುಟ್ಟಿದ ಮೇಲೆ ಮೊದಲ ಸಲವೆಂಬಂತೆ, ಬಾಗಿಲಲ್ಲಿರುವ ತನ್ನ ಕಾಲನ್ನು ತಾನು ನೋಡಿದರು.

ಆಮೇಲೆ ಎದ್ದು, ಒಂದೇ ಬೂಟಿನಲ್ಲಿ, ಪೂಜಾರಿಗಳ ಎದುರಿನಿಂದ ಪೇಟೆಯ ಕಡೆಗೆ ಓಡಿದರು.

ಹೆಣ್ಣಿನ ತಂದೆ ಮನಸ್ಸು ಬದಲಿಸಿ ಓಡಿಹೋದರೆಂದು ಗಂಡಿನ ಕಡೆಯವರು ಎದ್ದುನಿಂತರು. ಫುಸಾನೊ ಅವರು ನೆಲ ನೋಡಿದರು. ಬಿಳಿಯ ಮುಸುಕಿನಲ್ಲಿದ್ದ ಮಿಯೋಕೊ ಮಾತ್ರ ತಂದೆ ಬಿಟ್ಟುಹೋದ ಒಂಟಿ ಬೂಟನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಪೂಜಾರಿಗಳಿಗೆ ಹೇಳಿದಳು: "ಸ್ವಲ್ಪ ತಡೀರಿ, ಸ್ವಾಮಿ. ಅಪ್ಪ ಒಳಗೆ ಹೋಗೋಕೆ ಹೋಗಿದ್ದಾರೆ."

ಅಂಗಡಿಯಲ್ಲಿ ಕ್ಷೌರಿಕರು ಬೇಕಾದುದನ್ನು ಬರೆದರು. ಛತ್ರದ ಯಜಮಾನಿ ಸೊಂಟ ಬಗ್ಗಿಸಿ, "ಬನ್ನಿ ಬನ್ನಿ, ಎಷ್ಟು ಹೊತ್ತು ಮಾಡ್ಬಿಟ್ರಿ? ಟೀ ಆರ್ತಾ ಇದೆ," ಎಂದಳು. ದರುಮಾನಿಗೆ ಎರಡನೆಯ ಕಣ್ಣು ಬಂತು. ಗಡ್ಡ ನೆಲಕ್ಕೆ ಬಿತ್ತು. ಮದುವೆಯ ಚಿತ್ರದ ಒಂದು ಪ್ರತಿ ವಿಭಾಗಕ್ಕೆ ತಲುಪಿದ್ದು, ಅದರಲ್ಲಿ ಶ್ರೀ ಉದಗಾವಾ ಅವರು ಮುಂದಿನ ಸಾಲಿನಲ್ಲಿ ಮಗಳ ಪಕ್ಕದಲ್ಲಿ, ಗಲ್ಲದ ಗಾಯಕ್ಕೆ ಹತ್ತಿ ಅಂಟಿಸಿಕೊಂಡು, ಒಂದು ಕಾಲಿಗೆ ಕಪ್ಪು ಬೂಟು ಮತ್ತು ಇನ್ನೊಂದಕ್ಕೆ ಅಂಗಡಿಯ ಚಪ್ಪಲಿಯೊಂದಿಗೆ ನಿಂತಿರುತ್ತಾರೆ. ಮಗಳು ನಗುತ್ತಿದ್ದಾಳೆ. ಮದುವಣಗಿತ್ತಿ ಹಲ್ಲು ಕಾಣುವಂತೆ ನಗಬಾರದೆಂಬ ಪದ್ಧತಿಯ ಬಗ್ಗೆ ವಿಭಾಗವು ಅಭಿಪ್ರಾಯ ವ್ಯಕ್ತಪಡಿಸುವುದಿಲ್ಲ.

೧೦. ಕುಮಾರಿ ನೊನೊಮುರಾ ಅವರು ಹೇಳಿದ್ದು ಅನಧಿಕೃತ ಸುಳಿವೇ, ಅಥವಾ ಹಿರಿಯರ ಬುದ್ಧಿಮಾತೇ ಎಂದು ನಿರ್ಧರಿಸಲು ಸಮಿತಿಯನ್ನು ಪುನಃ ಸೇರಿಸಲಾಯಿತು. ಸುಳಿವಾದರೆ ಸದರಿಯವರು ಕೆಲಸ ಕಳೆದುಕೊಳ್ಳತಕ್ಕದ್ದು. ಸದಸ್ಯರು ಸಭಾಕೋಣೆಯ ಬಾಗಿಲಿಗೆ ಬಂದರು. ಈ ಸಲ ಅಲ್ಲಿ ಎಲ್ಲರೂ, ಏಕೆಂದು ಹೇಳಲಾಗದೆ, ಕೊಂಚ ನಿಂತರು. ಒಬ್ಬರು ಬಗ್ಗಿ ಪಕ್ಕದವರ ಬೂಟನ್ನೂ ಸರಿಯಾಗಿ ಜೋಡಿಸಿಟ್ಟರು. ನೆಗಡಿಯಾಗಿದ್ದ ಸದಸ್ಯರು, ಹೊಸ್ತಿಲಿಗೂ ಒಂದು ದೇವರಿರುತ್ತದೆಂದು ತಮ್ಮ ತಾಯಿ ಹೇಳುತ್ತಿದ್ದರು, ಮರೆತೇ ಹೋಗಿತ್ತು ಎಂದರು. ತದನಂತರ, ಅದು ಹಿರಿಯರ ಬುದ್ಧಿಮಾತೇ ಎಂದು ಚರ್ಚೆಯಿಲ್ಲದೆ ತೀರ್ಮಾನಿಸಲಾಯಿತು.

ಆದುದರಿಂದ, ಕಂಡಿಕೆ ೫ರಲ್ಲಿನ (ಅ), (ಆ), (ಇ) ಸುಳಿವುಗಳನ್ನು ಈ ಮೂಲಕ ರದ್ದುಪಡಿಸಿ, ಇನ್ನು ಮುಂದೆ ಯಾರೇ ಕರೆ ಮಾಡಿದರೂ, "ಬಾಗಿಲಲ್ಲಿ ಸ್ವಲ್ಪ ನಿಧಾನ ಮಾಡಿ" ಎಂಬ ಒಂದೇ ಮಾತನ್ನು ಹೇಳತಕ್ಕದ್ದೆಂದು ಸೂಚಿಸಲಾಗಿದೆ. ಸುಳಿವಮ್ಮ ಎಂಬ ಹುದ್ದೆಯನ್ನು ತತ್‌ಕ್ಷಣದಿಂದ ಮಂಜೂರು ಮಾಡಲಾಗಿದೆ.

೧೧. ಶ್ರೀ ಉದಗಾವಾ ಅವರು ಛತ್ರದಲ್ಲಿ ಟೀ ಕುಡಿದು, "ಪಾದರಕ್ಷೆ ಮೆಟ್ಟು" ಎಂದು ಬರೆಯದೆ ಅಂಗಳಕ್ಕೆ ಇಳಿದು, ಬಾವಿಯ ಬಳಿ ಕಾಲು ಮರಗಟ್ಟಿ ಸತ್ತಿರುತ್ತಾರೆ. ಒಣಮೀನನ್ನೂ ಮೊದಲೇ ಕೊಟ್ಟಿದ್ದರು. ಆಟ ಮೊದಲಿನಿಂದ ಆರಂಭವಾಗಿದೆ. ಫುಸಾನೊ ಅವರು ಮನೆಯಲ್ಲಿನ ಮಸಿ, ಕುಂಚ ಮತ್ತು ಹೊಸ ದರುಮಾಗಳನ್ನು ಬಚ್ಚಿಟ್ಟಿರುವುದಾಗಿ ತಿಳಿಸಿದ್ದು, ಹರಕೆಯ ಅಪಾಯ ಸದ್ಯಕ್ಕಿಲ್ಲ. ಕರೆಗಳು ಮತ್ತೆ ಬರುತ್ತಿವೆ. ಕಂಡಿಕೆ ೧೦ರ ಮಾತನ್ನೇ ಹೇಳತಕ್ಕದ್ದು. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಬಾಗಿಲು ಒಂದೇ.

(ಸಹಿ)
ಶಿಮೊಜೊ
ಮುಖ್ಯಸ್ಥರು, ಸುಳಿವು ವಿಭಾಗ
(ಮುಖ್ಯಸ್ಥರು ಇನ್ನೂ ಹೊಸ್ತಿಲಲ್ಲೇ ಇರುವುದರಿಂದ ಕಂಡಿಕೆ ೨, ೪, ೯, ೧೦ ಮತ್ತು ೧೧ನ್ನು ಅಂಗೈಯಿಂದ ಮುಚ್ಚಿಕೊಂಡು ಸಹಿ ಮಾಡಿರುತ್ತಾರೆ.)

ಪ್ರತಿಗಳು:
೧. ವಿಭಾಗದ ಎಲ್ಲ ಸಿಬ್ಬಂದಿಗೆ, ಪಾಲನೆಗಾಗಿ.
೨. ಶ್ರೀ ಇಸುರುಗಿ, ಒಗಟು ರಚನಾಕಾರರು: ಮುಂದಿನ ಆಟದಲ್ಲಿ ಊಟಕ್ಕೆ ಮುನ್ನ ಕೈಮುಗಿಯುವುದನ್ನು ಒಗಟಾಗಿಸಬಾರದೆಂಬ ಕೋರಿಕೆಯೊಂದಿಗೆ.
೩. ಶ್ರೀ ಉದಗಾವಾ, ಕ್ಷೌರಿಕರು, ಮತ್ಸುಮೋತೊ: ಕಂಡಿಕೆ ೩ ಮತ್ತು ೧೧ಕ್ಕೆ ಮಸಿ ಬಳಿದು.
೪. ಶ್ರೀಮತಿ ಫುಸಾನೊ ಉದಗಾವಾ: ಮಸಿ ಬಳಿಯದೆ, ದರುಮಾಗಳ ಜೊತೆ ಬಚ್ಚಿಡಲು.
೫. ಶ್ರೀಮತಿ ಫುಸಾನೊ ಅವರ ತಮ್ಮನಿಗೆ, ಬೂಟಿನ ಹಿಮ್ಮಡಿ ಹರಿದ ಬಗ್ಗೆ ವಿಷಾದದೊಂದಿಗೆ.
೬. ಸುಳಿವಮ್ಮನವರ ಅಜ್ಜಿಗೆ, ಅವರ ಸಮಾಧಿಯ ಮುಂದೆ ಓದಿ ಹೇಳಲು. ಒಳಗೆ ಹೋಗುವಾಗ ನಿಧಾನ.
೭. ಕಚೇರಿಯ ಬಾಗಿಲಿಗೆ, ಬೂಟುಗಳ ಎತ್ತರದಲ್ಲಿ ಅಂಟಿಸಲು.