ಓರ್ಲಿನ್ ಹೌಗೆನ್‌ನ ಗೃಹಭದ್ರತೆ

ಅರ್ಜಿಯ ಮೂವತ್ತೊಂದನೆಯ ಪ್ರಶ್ನೆಗೆ ಓರ್ಲಿನ್ ಹೌಗೆನ್ ಬರೆದ ಉತ್ತರದಷ್ಟು ಚೊಕ್ಕವಾದ ಉತ್ತರವನ್ನು ಆ ಸೀಮೆಯಲ್ಲಿ ಅದುವರೆಗೆ ಯಾರೂ ಬರೆದಿರಲಿಲ್ಲ. ಹಾಗೆಂದು ಹೇಳಿದವನು ಓರ್ಲಿನ್ನೇ, ಕನ್ನಡಿಯೆದುರು ನಿಂತು, ಗಲ್ಲಕ್ಕೆಲ್ಲ ಸೋಪು ಬಳಿದುಕೊಂಡು. ಆ ಉತ್ತರದಿಂದ ಅವನಿಗೆ ಒದಗಿದ್ದೇನು ಎಂಬುದನ್ನು ಹೇಳುವ ಮೊದಲು, ಗೋಧಿ ತೂಗುವ ಕೆಲಸದಿಂದ ನಿವೃತ್ತನಾದ, ಸೊಂಟನೋವಿನ, ಯಾರ ತಂಟೆಗೂ ಹೋಗದ ಈ ಮನುಷ್ಯ ದೇಶ ಕಾಯುವ ಕೆಲಸಕ್ಕೆ ಹೇಗೆ ಸಿಕ್ಕಿಬಿದ್ದ ಎಂಬುದನ್ನು ಹೇಳಬೇಕು.

ಸಿಕ್ಕಿಬಿದ್ದದ್ದು ಒಂದು ಸಭೆ ತಪ್ಪಿಸಿಕೊಂಡು. ಹಾಲ್ವರ್ ಜಿಲ್ಲೆಯ ಮಂಡಳಿಯವರು ತುರ್ತು ನಿರ್ವಹಣಾಧಿಕಾರಿಯೊಬ್ಬನನ್ನು ಆರಿಸಬೇಕಾಗಿತ್ತು. ಸಭೆಗೆ ಬಂದವರೆಲ್ಲ ಒಲ್ಲೆ ಎಂದರು. ಒಲ್ಲೆ ಎನ್ನದೆ ಉಳಿದವನು ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ ಓರ್ಲಿನ್ ಒಬ್ಬನೇ. ಹಾಗಾಗಿ ಸರ್ವಾನುಮತದಿಂದ ಅವನು ಆಯ್ಕೆಯಾದ. ವಾರಕ್ಕೆ ಹನ್ನೆರಡು ತಾಸಿನ ಕೆಲಸ, ಒಂದು ಟೋಪಿ, ಒಂದು ಟೆಲಿಫೋನು. ಅವನ ಹೆಂಡತಿ ಮೇವಿಸ್ ಪಕ್ಕದ ಪೆಂಬರ್ ಜಿಲ್ಲೆಯಲ್ಲಿ ಕಂದಾಯದ ಗುಮಾಸ್ತೆ. ಅವಳಿಗೂ ಅದೇ ಪದವಿ ಅಂಟಿಕೊಂಡಿತ್ತು, ಕಚೇರಿಯಲ್ಲಿ ಅವಳ ಮೇಜು ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿದ್ದ ತಪ್ಪಿಗೆ. ಹೀಗೆ ಡಕೋಟಾ ಬಯಲಿನ ಎರಡು ಜಿಲ್ಲೆಗಳ ರಕ್ಷಣಾಭಾರ ಒಂದೇ ಹಾಸಿಗೆಯ ಎರಡು ಮಗ್ಗುಲುಗಳ ಮೇಲೆ ಬಿದ್ದಿತು. (ಎಡಮಗ್ಗುಲು ಹಾಲ್ವರ್, ಬಲಮಗ್ಗುಲು ಪೆಂಬರ್. ಹೊದಿಕೆಯ ಬಹುಭಾಗ ಪೆಂಬರ್‌ಗೆ ಸೇರಿತ್ತು.)

ಎರಡು ಸಾವಿರದ ಐದರ ಆಸುಪಾಸಿನ ಮಾತು ಇದು. ಅವಳಿ ಗೋಪುರಗಳು ಉರುಳಿ ದೇಶಕ್ಕೆ ಶತ್ರುಭಯ ಹುಟ್ಟಿ ನಾಲ್ಕು ವರ್ಷವಾಗಿತ್ತು, ಭದ್ರತೆಯ ಅನುದಾನ ಮೇಲಿನಿಂದ ಹರಿದು ಬರುತ್ತಿತ್ತು. ಓರ್ಲಿನ್‌ಗೆ ಬೇಕಾಗಿದ್ದದ್ದು ಒಂದೇ ಒಂದು ವಸ್ತು: ಬ್ಯಾಜರ್ ಹಳ್ಳಕ್ಕೆ ಹೊಸ ಮೋರಿ. ಪ್ರತಿ ಏಪ್ರಿಲ್‌ನಲ್ಲಿ ಹಿಮ ಕರಗಿದ ನೀರು ಹಳೆಯ ಮೋರಿಯಲ್ಲಿ ನುಗ್ಗಲಾರದೆ ರಸ್ತೆಯ ಮೇಲೆ ಏರಿ, ಹಳ್ಳದಾಚೆಯ ಆರು ಮನೆಗಳು ಎಂಟೊಂಬತ್ತು ದಿನ ನಡುಗಡ್ಡೆಯಾಗುತ್ತಿದ್ದವು. ಆರನೆಯ ಮನೆಯಲ್ಲಿದ್ದವನು ಕರ್ಮಿಟ್ ಸೇದರ್. ಅವನು ಉಸಿರಾಡುತ್ತಿದ್ದದ್ದು ವಾರಕ್ಕೊಮ್ಮೆ ವ್ಯಾನಿನಲ್ಲಿ ಬರುವ ಆಮ್ಲಜನಕದ ಸಿಲಿಂಡರಿನಿಂದ. ಹೋದ ಏಪ್ರಿಲ್‌ನಲ್ಲಿ ಆ ಸಿಲಿಂಡರನ್ನು ಓರ್ಲಿನ್ ಟ್ರ್ಯಾಕ್ಟರಿನ ಮೇಲೆ ಹೇರಿ, ಚಕ್ರ ಮುಳುಗುವ ನೀರಿನಲ್ಲಿ ದಾಟಿಸಿದ್ದ.

ಅನುದಾನದ ಅಧಿಕಾರಿಣಿ ಶ್ರೀಮತಿ ಅಂಡರ್ಡಾಲ್ ರಾಜ್ಯದ ರಾಜಧಾನಿಯಲ್ಲಿರುತ್ತಿದ್ದರು. ಬಹಳ ತಾಳ್ಮೆಯ ಹೆಂಗಸು. ಓರ್ಲಿನ್ ಅವರಿಗೆ ಫೋನು ಮಾಡಿ ಮೋರಿಯ ಕಥೆ ಹೇಳಿದ.

"ನಾವು ಕೊಡೋ ಸಾಮಾನಿನ ಪಟ್ಟೀಲಿ ಮೋರಿ ಇಲ್ಲ, ಓರ್ಲಿನ್," ಎಂದರು ಅವರು. "ಆ ನೀರು ತಾನಾಗೇ ಬರುತ್ತಾ, ಇಲ್ಲಾ ಯಾರಾದ್ರೂ ತರ್ತಾರಾ?"

ಓರ್ಲಿನ್ ಪ್ರಾಮಾಣಿಕವಾಗಿ ಯೋಚಿಸಿದ. "ತಾನಾಗೇ ಬರುತ್ತೆ ಮೇಡಂ."

"ಹಾಗಾದ್ರೆ ಅದು ಬೇರೆ ಇಲಾಖೆ. ಯಾರಾದ್ರೂ ಬೇಕೂಂತ ತಂದ್ರೆ ಮಾತ್ರ ನಮ್ಮದು."

ಬ್ಯಾಜರ್ ಹಳ್ಳಕ್ಕೆ ಬೇಕೆಂದೇ ನೀರು ತರುವವನು ಯಾರಿರಬಹುದು ಎಂದು ಓರ್ಲಿನ್ ಎರಡು ದಿನ ತಲೆ ಕೆರೆದುಕೊಂಡ. ಯಾರ ಮುಖವೂ ಹೊಳೆಯಲಿಲ್ಲ. ಕೊನೆಗೆ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಕೇಳಿದ. ಬಂದದ್ದು ವಿಷವಾಯು ತಗುಲಿದವರನ್ನು ತೊಳೆಯುವ ಮಹಾಡೇರೆ. ತಾಸಿಗೆ ಇನ್ನೂರು ಮಂದಿಗೆ ಸ್ನಾನ ಮಾಡಿಸುವ ಶಕ್ತಿ ಅದಕ್ಕಿತ್ತು. ಜಿಲ್ಲಾ ಕೇಂದ್ರದ ಜನಸಂಖ್ಯೆ ಮುನ್ನೂರ ನಲವತ್ತು. ಎರಡು ತಾಸು ಹಿಡಿಯುವ ಮೊದಲೇ ಊರಿಗೆ ಊರೇ ಮಿಂದು ಮಡಿಯಾಗುತ್ತಿತ್ತು, ಬೇಕಾದರೆ ದನಕರುಗಳೂ.

ಮೇವಿಸಳ ಪೆಂಬರ್ ಜಿಲ್ಲೆಗೆ ನಲವತ್ತು ರೇಡಿಯೋಗಳು ಬಂದವು, ಕೈಯಲ್ಲಿ ಹಿಡಿದು ಮಾತಾಡುವಂಥವು. ಓರ್ಲಿನ್‌ನ ಜಿಲ್ಲೆಗೂ ಬಂದವು, ಆದರೆ ಬೇರೆ ವರ್ಷದ ಹಣದಲ್ಲಿ, ಬೇರೆ ಜಾತಿಯವು. ಗಂಡಹೆಂಡಿರು ಪರೀಕ್ಷೆ ಮಾಡಿದರು. ಓರ್ಲಿನ್ ಮಲಗುವ ಕೋಣೆಯಲ್ಲಿ ನಿಂತು ಕಾಫಿ ಕೇಳಿದ. ಅಡುಗೆಮನೆಯಲ್ಲಿದ್ದ ಮೇವಿಸಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು, ಆದರೆ ಗೋಡೆಯ ಮೂಲಕ. ರೇಡಿಯೋ ಉಸಿರೆತ್ತಲಿಲ್ಲ. ಇಷ್ಟು ಬೆಲೆ ಬಾಳುವ ಎರಡು ಯಂತ್ರಗಳು ಒಂದೇ ಮನೆಯಲ್ಲಿದ್ದೂ ಪರಸ್ಪರ ಮಾತು ಬಿಟ್ಟಿರುವುದು ಹೇಗೆಂದು ಓರ್ಲಿನ್‌ಗೆ ಅರ್ಥವಾಗಲಿಲ್ಲ. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ತಮಗೂ ಎಷ್ಟೋ ಸಲ ಹಾಗಾಗಿದೆ ಎಂದು ಮೇವಿಸ್ ಸಮಾಧಾನ ಹೇಳಿದಳು.

ಮರುವರ್ಷ ಕಾಗದ ಬಂತು: ಇನ್ನು ಮುಂದೆ ಒಂಟಿ ಜಿಲ್ಲೆಗೆ ಹಣವಿಲ್ಲ, ಅಕ್ಕಪಕ್ಕದ ಎರಡು ಜಿಲ್ಲೆಗಳು ಕೂಡಿ ಅರ್ಜಿ ಹಾಕಬೇಕು, ಅಧಿಕಾರಿಗಳು ವಿಧಿವತ್ತಾಗಿ ಸಭೆ ಸೇರಿ ನಡಾವಳಿ ಬರೆದಿಡಬೇಕು. ಸಭೆ ಸೇರಿದ್ದು ಗುರುವಾರ, ಅಡುಗೆಮನೆಯ ಮೇಜಿನಲ್ಲಿ. ನಡಾವಳಿ ಬರೆದವಳು ಮೇವಿಸ್. ಸಾರ್ವಜನಿಕರ ಪರವಾಗಿ ಹಾಜರಿದ್ದವರು ಮೇವಿಸಳ ತಾಯಿ ಟೋರ್ಡಿಸ್, ಎಂಬತ್ತೊಂದು ವರ್ಷ. ಎರಡು ಚಳಿಗಾಲಗಳ ಹಿಂದೆ ಮಂಜಿನಲ್ಲಿ ಜಾರಿ ಸೊಂಟ ಮುರಿದುಕೊಂಡು, ಹಿಮ ಕರಗುವವರೆಗೆ ಎಂದು ಮಗಳ ಮನೆಗೆ ಬಂದವರು. ಹಿಮ ಎರಡು ಸಲ ಕರಗಿತ್ತು. ಪೆಂಬರ್ ಜಿಲ್ಲೆಯಲ್ಲಿದ್ದ ಅವರ ಸ್ವಂತ ಮನೆ, ಪರದೆ ಪಾತ್ರೆ ಸಮೇತ, ಬೀಗ ಹಾಕಿಕೊಂಡು ಕಾದಿತ್ತು.

ಮೊದಲನೆಯ ವಿಷಯ, ಈ ಎರಡು ಜಿಲ್ಲೆಗಳಿಗೆ ಶತ್ರುವಿನಿಂದ ಇರುವ ಅಪಾಯಗಳ ಪಟ್ಟಿ. ಮೇವಿಸ್ ಪೆನ್ನು ಹಿಡಿದು ಕಾದಳು. ಓರ್ಲಿನ್ ಗೋಧಿಯ ಗೋದಾಮು ಎಂದ, ನೀರಿನ ತೊಟ್ಟಿ ಎಂದ. ಅಲ್ಲಿಗೆ ಪಟ್ಟಿ ಮುಗಿಯಿತು.

"ಆ ಶತ್ರು ಯಾವ ಕಡೆಯಿಂದ ಬರ್ತಾನೆ?" ಎಂದು ಟೋರ್ಡಿಸ್ ಕೇಳಿದರು.

"ಗೊತ್ತಿಲ್ಲ ಅಮ್ಮ. ಹೆದ್ದಾರಿ ಕಡೆಯಿಂದ ಅಂತ ಇಟ್ಕೊಳ್ಳಿ."

"ಏಪ್ರಿಲ್‌ನಲ್ಲಿ ಬಂದ್ರೆ ಮೋರಿ ಹತ್ರ ಹೂತ್ಕೋತಾನೆ. ಆ ಮೋರಿ ಮುಟ್ಟಬೇಡ ನೀನು. ದೇಶ ಕಾಯ್ತಿರೋದು ಅದೊಂದೇ."

ಮೇವಿಸ್ ಅದನ್ನೂ ನಡಾವಳಿಯಲ್ಲಿ ಬರೆದಳು. ಓರ್ಲಿನ್ ಹೊಡೆದು ಹಾಕೆಂದ. ಸಭೆಯಲ್ಲಿ ಆಡಿದ ಮಾತನ್ನು ಹೊಡೆದು ಹಾಕುವಂತಿಲ್ಲ, ಪೆಂಬರ್ ಜಿಲ್ಲೆಯ ಪದ್ಧತಿಯೇ ಹಾಗೆ ಎಂದಳು ಅವಳು. ಹಾಲ್ವರ್ ಜಿಲ್ಲೆ ಎದ್ದು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಪೆಂಬರ್ ಜಿಲ್ಲೆಯೇ ಅನುದಾನದ ಸಾಮಾನಿನ ಪಟ್ಟಿ ಹಿಡಿದುಕೊಂಡು ಅಲ್ಲಿಗೆ ಬಂದು, ನಲವತ್ತೇಳನೆಯ ಪುಟದಲ್ಲಿ ಬೆರಳಿಟ್ಟಿತು: ಕಲುಷಿತ ನೀರನ್ನು ಹೊರಹಾಕುವ ಪಂಪು, ದೊಡ್ಡದು, ಗಾಲಿಗಳ ಮೇಲೆ.

"ಹಳ್ಳದ ನೀರು ಕಲುಷಿತವೇ?" ಓರ್ಲಿನ್ ಕೇಳಿದ.

"ಮೇಲ್ಗಡೆ ಲೆಸ್ಟರ್ ಮುನ್ನೂರು ಹಂದಿ ಸಾಕಿದಾನೆ," ಎಂದಳು ಮೇವಿಸ್. "ನೀನೇ ಹೇಳು."

ಹೆಂಡತಿಯ ಬುದ್ಧಿಗೆ ಅವನು ತಲೆದೂಗಿದ. ಪಂಪಿನ ಜತೆಗೆ, ಎರಡು ಜಾತಿಯ ರೇಡಿಯೋಗಳನ್ನು ಬೆಸೆಯುವ ಪೆಟ್ಟಿಗೆಯೊಂದನ್ನೂ ಅರ್ಜಿಯಲ್ಲಿ ಸೇರಿಸಿದರು. ಉಳಿದದ್ದು ಮೂವತ್ತೊಂದನೆಯ ಪ್ರಶ್ನೆ: "ಉಭಯ ಜಿಲ್ಲೆಗಳ ಅಧಿಕಾರಿಗಳ ನಡುವಣ ಸಮನ್ವಯದ ಸ್ವರೂಪವನ್ನು ವಿವರಿಸಿ." ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತೇವೆ ಎಂದು ಬರೆದರೆ ಸಾಕೆಂದಳು ಮೇವಿಸ್. ಮಾರನೆಯ ಬೆಳಿಗ್ಗೆ ಗಡ್ಡ ಹೆರೆಯುವಾಗ ಓರ್ಲಿನ್‌ಗೆ ಅದಕ್ಕಿಂತ ಭಾರಿಯಾದದ್ದು ಹೊಳೆಯಿತು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅವಳ ವಾಕ್ಯವನ್ನು ಹೊಡೆದು ಹಾಕಿ ಹೀಗೆ ಬರೆದ: "ಇಬ್ಬರು ಅಧಿಕಾರಿಗಳೂ ಒಂದೇ ಸೂರಿನಡಿ ವಾಸಿಸುತ್ತಾರೆ. ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಸಮನ್ವಯವು ದಿನದ ಇಪ್ಪತ್ನಾಲ್ಕು ತಾಸೂ ನಡೆಯುತ್ತದೆ."

ಆ ಪ್ರಶ್ನೆಗೆ ಅವರಿಗೆ ಪೂರ್ಣ ಅಂಕ ಬಂದವು. ಅಭಿನಂದನೆಯ ಪತ್ರದಲ್ಲಿ ಆ ನಾಲ್ಕು ವಾಕ್ಯಗಳನ್ನು ಅಚ್ಚು ಹಾಕಿ, ರಾಜ್ಯದ ಐವತ್ತಮೂರು ಜಿಲ್ಲೆಗಳಿಗೂ ಮಾದರಿಯೆಂದು ಕಳಿಸಿದ್ದರು. ಪೆಂಬರ್‌ನ ಕಚೇರಿಯಲ್ಲಿ ಅದನ್ನು ಮೊದಲು ಓದಿದವನು ಸಹೋದ್ಯೋಗಿ, ಅದೂ ಗಟ್ಟಿಯಾಗಿ. ಮೇವಿಸ್ ಮನೆಗೆ ಬಂದಾಗ ಅವಳ ಮುಖ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಇಪ್ಪತ್ನಾಲ್ಕು ತಾಸಿನ ಸಮನ್ವಯಕ್ಕೆ ಅವಳು ನಾಲ್ಕು ದಿನ ರಜೆ ಘೋಷಿಸಿದಳು. ಹೊಗಳಿಕೆಯ ಕಾಗದ ಬಂದರೆ ಕೋಪ ಏಕೆ ಬರಬೇಕೆಂದು ಓರ್ಲಿನ್ ಅತ್ತೆಯನ್ನು ಕೇಳಿದ. "ಹಾಸಿಗೆ ವಿಷ್ಯ ಬರೀಬಾರದಿತ್ತು," ಎಂದರು ಅವರು. "ಮೇಜಿನ ತನಕ ಸಾಕಿತ್ತು."

ಏಪ್ರಿಲ್ ಬಂತು, ನೀರೂ ಬಂತು. ಪಂಪು ಹಗಲಿರುಳು ಗುಡುಗಿತು. ಲೆಸ್ಟರನ ಹಂದಿಗಳ ಪರಿಮಳವನ್ನು ಹೊತ್ತ ನೀರು ರಸ್ತೆ ಬಿಟ್ಟು ಹೊಲದತ್ತ ಹಾರಿತು. ನಾಲ್ಕನೆಯ ದಿನ ಸಿಲಿಂಡರಿನ ವ್ಯಾನು ಟೈರು ಸಹ ಒದ್ದೆಯಾಗದೆ ಹಳ್ಳ ದಾಟಿತು. ಕರ್ಮಿಟ್ ಕಿಟಕಿಯಿಂದ ಕೈಯೆತ್ತಿದ. ಮಾತಾಡುವಷ್ಟು ಉಸಿರು ಅವನಿಗಿರಲಿಲ್ಲ. ಓರ್ಲಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಮನೆಗೆ ಬಂದಾಗ ಮೇವಿಸ್ ಅವನ ತಟ್ಟೆಗೆ ಎರಡನೆಯ ಸಲ ಬಡಿಸಿದಳು. ರಾಜಿಯಾಯಿತೆಂದು ಅವನಿಗೆ ಗೊತ್ತಾಯಿತು.

ಮೇ ತಿಂಗಳಲ್ಲಿ ಶ್ರೀಮತಿ ಅಂಡರ್ಡಾಲ್ ತಪಾಸಣೆಗೆ ಬಂದರು. ಪಂಪು ನೋಡಿ ಮೆಚ್ಚಿದರು, ಡೇರೆ ನೋಡಿ ಗುರುತು ಹಾಕಿಕೊಂಡರು. ಬೆಸೆಯುವ ಪೆಟ್ಟಿಗೆಯ ಮೂಲಕ ಓರ್ಲಿನ್ ಕಾಫಿ ಕೇಳಿದ್ದನ್ನೂ ಮೇವಿಸ್ ನೀನೇ ಮಾಡಿಕೋ ಎಂದದ್ದನ್ನೂ ಎರಡೂ ಕಿವಿಯಾರೆ ಕೇಳಿದರು. ಆಮೇಲೆ ಅಡುಗೆಮನೆಯಲ್ಲಿ ಕೂತು, ರೂಬಾರ್ಬ್ ದಂಟಿನ ಸಿಹಿ ತಿನ್ನುತ್ತ, ಸುತ್ತಲೂ ಒಮ್ಮೆ ಕಣ್ಣಾಡಿಸಿದರು.

"ನೀವಿಬ್ರೂ ನಿಜವಾಗ್ಲೂ ಇದೇ ಮನೇಲಿರ್ತೀರಾ?"

"ಬರೆದಿದ್ದೀನಲ್ಲ ಮೇಡಂ," ಎಂದ ಓರ್ಲಿನ್ ಹೆಮ್ಮೆಯಿಂದ.

"ಈ ಮನೆಗೆ ಏನಾದ್ರೂ ಆದ್ರೆ?"

"ಏನಾಗುತ್ತೆ?"

"ಏನೋ ಒಂದು. ಆಗ ಎರಡು ಜಿಲ್ಲೆಗೂ ಒಂದೇ ಏಟಿಗೆ ಅಧಿಕಾರಿ ಇಲ್ಲದ ಹಾಗಾಗುತ್ತೆ."

ಆ ದೃಷ್ಟಿಯಲ್ಲಿ ತನ್ನ ಮನೆಯನ್ನು ಓರ್ಲಿನ್ ಯಾವತ್ತೂ ನೋಡಿರಲಿಲ್ಲ. ಮೂರು ವಾರಕ್ಕೆ ವರದಿ ಬಂತು. ಎರಡು ಜಿಲ್ಲೆ ಕೂಡಿದ ಈ ವಲಯದ ಅತ್ಯಂತ ದುರ್ಬಲ ಬಿಂದು ಹೌಗೆನ್ ದಂಪತಿಗಳ ನಿವಾಸ. ಬಣ್ಣಗಳಲ್ಲಿ ಸಾರುವ ದೇಶದ ಎಚ್ಚರಿಕೆಯ ಮಟ್ಟ ಹಳದಿ ಅಥವಾ ಅದಕ್ಕಿಂತ ಮೇಲಿರುವ ದಿನಗಳಲ್ಲಿ ಇಬ್ಬರು ಅಧಿಕಾರಿಗಳೂ ಒಂದೇ ಸೂರಿನಡಿ ಇರತಕ್ಕದ್ದಲ್ಲ. ತಂತಮ್ಮ ಜಿಲ್ಲೆಯೊಳಗೆ, ಪರಸ್ಪರ ಹತ್ತು ಮೈಲಿಗೆ ಕಡಿಮೆಯಿಲ್ಲದ ದೂರದಲ್ಲಿ ವಾಸಿಸತಕ್ಕದ್ದು.

ಓರ್ಲಿನ್ ಎರಡು ಸಲ ಓದಿದ. ಹಳದಿ ದಿನಗಳೆಂದರೆ ಎಲ್ಲೋ ವರ್ಷಕ್ಕೆ ನಾಲ್ಕೈದು ಇರಬಹುದು, ಹೇಗೋ ನಿಭಾಯಿಸೋಣ ಎಂದ. ಮೇವಿಸ್ ಕನ್ನಡಕ ಹಣೆಗೇರಿಸಿದಳು.

"ಇವತ್ತು ಯಾವ ಬಣ್ಣ?"

ಅವನು ಕಚೇರಿಗೆ ಬರುವ ಎಚ್ಚರಿಕೆಯ ಹಾಳೆ ನೋಡಿದ. "ಹಳದಿ."

"ಹೋದ ವರ್ಷ?"

"ಹಳದಿ. ನಡುವೆ ಸ್ವಲ್ಪ ದಿನ ಕಿತ್ತಳೆ."

"ಹಳದಿಗಿಂತ ಕೆಳಗೆ ಇಳಿದದ್ದು ಯಾವಾಗ?"

ಓರ್ಲಿನ್ ಹಾಳೆಗಳನ್ನು ಮೊದಲಿನಿಂದ ತಿರುವಿದ. ಹಸಿರು ಅಂತ ಒಂದಿತ್ತು, ನೀಲಿ ಅಂತ ಒಂದಿತ್ತು. ಅವು ಇದ್ದದ್ದು ವಿವರಣೆಯ ಪುಟದಲ್ಲಿ ಮಾತ್ರ.

ಮೇವಿಸ್ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಪೆಂಬರ್‌ನಲ್ಲಿ ಅಮ್ಮನ ಮನೆ ಖಾಲಿ ಇದೆ, ಇಲ್ಲಿಂದ ಸರಿಯಾಗಿ ಹನ್ನೆರಡು ಮೈಲಿ, ಅಲ್ಲಿಂದ ನಡೆದುಕೊಂಡೇ ಆಫೀಸಿಗೆ ಹೋಗಬಹುದು ಎಂದು ವಿವರಿಸಿದಳು. ದುಃಖದಲ್ಲಿರುವ ಹೆಂಗಸು ಅಷ್ಟು ಅಚ್ಚುಕಟ್ಟಾಗಿ ಬಟ್ಟೆ ಮಡಿಚಬಲ್ಲಳೆಂದು ಓರ್ಲಿನ್‌ಗೆ ತಿಳಿದಿರಲಿಲ್ಲ. ಕಾದಂಬರಿಗಳನ್ನೂ ಇಟ್ಟುಕೊಂಡಳು, ಆರು. ಅವನು ಹೊರಗೆ ಹೋಗಿ ರಾಜಧಾನಿಗೆ ಫೋನು ಮಾಡಿ, ತಾನು ರಾಜೀನಾಮೆ ಕೊಡುವುದಾಗಿ ಹೇಳಿದ.

"ಕೊಡಬಹುದು," ಎಂದರು ಶ್ರೀಮತಿ ಅಂಡರ್ಡಾಲ್. "ಒಬ್ಬರು ಬಿಟ್ರೂ ವಲಯ ರದ್ದಾಗುತ್ತೆ. ವಲಯ ರದ್ದಾದ್ರೆ ಪಂಪು ವಾಪಸ್ ಬರಬೇಕು."

ಓರ್ಲಿನ್ ಹಳ್ಳದ ದಿಕ್ಕಿಗೆ ನೋಡಿದ. ಆರನೆಯ ಮನೆಯ ಹೊಗೆಗೂಡು ಅಲ್ಲಿಂದ ಕಾಣುತ್ತಿತ್ತು. ಸರಿ ಮೇಡಂ ಎಂದು ಫೋನಿಟ್ಟ.

ಒಳಗೆ ಬಂದಾಗ ಮೇವಿಸ್ ಕೋಟು ಹಾಕಿಕೊಂಡು ನಿಂತಿದ್ದಳು. ಅವನ ಕಾಲರು ಸರಿಪಡಿಸಿ, ದಿನಾ ಸಂಜೆ ರೇಡಿಯೋದಲ್ಲಿ ಮಾತಾಡೋಣ ಎಂದಳು. (ಮಾತಾಡಿದರು ಸಹ. ಆದರೆ ಎರಡು ಜಿಲ್ಲೆಗಳ ಪೋಲೀಸರು, ಅಗ್ನಿಶಾಮಕರು, ಹಿಮ ತೆಗೆಯುವ ಲಾರಿಯವರು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಮೊದಲ ಸಂಜೆಯೇ ಓರ್ಲಿನ್ ತನ್ನ ಉಣ್ಣೆಯ ಚಡ್ಡಿ ಎಲ್ಲಿದೆ ಎಂದು ಕೇಳಿದಾಗ, ಮೇವಿಸಳಿಗಿಂತ ಮೊದಲು ಉತ್ತರಿಸಿದವನು ಆಂಬುಲೆನ್ಸಿನ ಚಾಲಕ.) ಕಾರಿನ ಬಳಿಗೆ ಪೆಟ್ಟಿಗೆ ಹೊತ್ತುಕೊಂಡು ಹೋದ ಓರ್ಲಿನ್, ಅತ್ತೆಯ ಸಾಮಾನನ್ನೂ ತರಲೇ ಎಂದು ಕೇಳಿದ. ಅಷ್ಟರಮಟ್ಟಿಗೆ ಅವನ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯ ಬೆಳಕಿತ್ತು.

"ಅಮ್ಮ ಯಾಕೆ ಬರಬೇಕು?" ಎಂದಳು ಮೇವಿಸ್. "ಅಲ್ಲಿ ಮೆಟ್ಟಿಲು ಜಾಸ್ತಿ. ಅವರೇನು ಅಧಿಕಾರಿಯಲ್ಲವಲ್ಲ."

ಕಾರು ಹೋಯಿತು. ಓರ್ಲಿನ್ ಧೂಳು ಇಳಿಯುವವರೆಗೆ ಅಂಗಳದಲ್ಲೇ ನಿಂತಿದ್ದ. ಎಲ್ಲಿ ತಪ್ಪಿತು ಎಂದು ಹಿಂದಿನಿಂದ ಎಣಿಸಿ ನೋಡಿದ. ಪ್ರತಿಯೊಂದು ಹೆಜ್ಜೆಯೂ ಸರಿಯಾಗಿಯೇ ಇತ್ತು. ಅಡುಗೆಮನೆಯಲ್ಲಿ ಟೋರ್ಡಿಸ್ ಮೇಜನ್ನು ಒರೆಸಿ, ಇಸ್ಪೀಟಿನ ಕಟ್ಟನ್ನು ಕಲಸಿ ಇಟ್ಟಿದ್ದರು.

"ಕೂತ್ಕೋ," ಎಂದರು. "ಬಣ್ಣ ಬದಲಾಗೋ ತನಕ ಆಡೋಣ. ಇಷ್ಟು ದಿನ ನನ್ನ ಜತೆ ಆಡೋರು ಯಾರೂ ಇರ್ಲಿಲ್ಲ."

"ಅದು ಬದಲಾಗಲ್ಲ ಅಮ್ಮ," ಎಂದ ಓರ್ಲಿನ್.

"ಹಾಗಾದ್ರೆ ನಿಧಾನಕ್ಕೆ ಆಡು," ಎಂದು ಅವರು ಎಲೆ ಹಂಚತೊಡಗಿದರು.