ಡಿ ಡ್ರೈವಿನಲ್ಲಿದ್ದ ಸೆರಗು

ತನ್ನ ಪಾಡಿಗೆ ನಡೆಯುತ್ತಿರುವ ವಸ್ತುವನ್ನು ಕಂಡರೆ ಕೆಲವರ ಕೈ ಸುಮ್ಮನಿರುವುದಿಲ್ಲ. ನಾನು ಆ ಪೈಕಿ. ಮದುವೆಯಾದ ಹೊಸದರಲ್ಲಿ ಮಾವನವರು ಕೊಟ್ಟ ಗೋಡೆ ಗಡಿಯಾರ ದಿನಕ್ಕೆರಡು ನಿಮಿಷ ಹಿಂದೆ ಬೀಳುತ್ತದೆಂದು ಬಿಚ್ಚಿದೆ. ಆಮೇಲೆ ಅದು ಹಿಂದೆಯೂ ಬೀಳಲಿಲ್ಲ, ಮುಂದೆಯೂ ಹೋಗಲಿಲ್ಲ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಪಕ್ಕದ ಮನೆಯವರ ರೇಡಿಯೊ, ಎಲ್ಲಕ್ಕೂ ನನ್ನ ಉಪಕಾರ ಆಗಿದೆ. ಅವನ್ನೆಲ್ಲ ನಾಲ್ಕು ಜನರೆದುರು ಹೇಳಿಕೊಂಡು ನಕ್ಕಿದ್ದೇನೆ. ಈ ಒಂದನ್ನು ಮಾತ್ರ ವರ್ಷದಿಂದ ನಗುತ್ತಾ ಹೇಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

ನಾನು ರಾಮಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ; ದಿನಾ ಹನೂರಿನ ಮೇಲೆ ಬಸ್ಸಿನಲ್ಲಿ ಓಡಾಟ. ಹೆಂಡತಿ ಗೌರಿ ನೇಯ್ಗೆಯವರ ಮನೆಯ ಮಗಳು. ಅವಳ ಅಣ್ಣ ಈಗಲೂ ರೇಷ್ಮೆ ಸೀರೆ ನೇಯಿಸುತ್ತಾರೆ, ಅವುಗಳ ಅಂಚಿಗೂ ಸೆರಗಿಗೂ ಡಿಸೈನು ಬರೆದುಕೊಡುವವಳು ಇವಳು. ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯುತ್ತಿದ್ದಳು. ಆಮೇಲೆ ನಮ್ಮ ಹಳೇ ಕಂಪ್ಯೂಟರಿನಲ್ಲಿ, ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ. ಒಂದು ಚೌಕ ಎಂದರೆ ಒಂದು ಎಳೆ. ನವಿಲಿನ ಕೊಕ್ಕೊಂದು ಮುಗಿಯಲು ಒಂದು ಸಂಜೆ ಬೇಕು. ಹನ್ನೊಂದು ವರ್ಷ ಹೀಗೆ ಬರೆದದ್ದನ್ನೆಲ್ಲ ಡಿ ಡ್ರೈವಿನಲ್ಲಿ ಇಟ್ಟಿದ್ದಳು. ಸಿ ಡ್ರೈವ್ ಯಾವಾಗ ಬೇಕಾದರೂ ಕೈಕೊಡುತ್ತದೆ, ಬೇಕಾದ್ದನ್ನು ಡಿಯಲ್ಲಿಡು ಎಂದು ಹೇಳಿಕೊಟ್ಟ ಮಹಾನುಭಾವನೂ ನಾನೇ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ಗುಂಡಿ ಒತ್ತಿ, ಉಪ್ಪಿಟ್ಟಿಗೆ ರವೆ ಹುರಿದು ಬಂದರೂ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಗೌರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ರವೆ ಹೇಗೂ ಹುರಿಯಬೇಕಲ್ಲ. ತೊಂದರೆ ಆದದ್ದು ನನಗೆ. ಹಳೇ ಯಂತ್ರಕ್ಕೆ, ವಿಂಡೋಸಿನ ಥರವೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬುದನ್ನು ಹಾಕಿದರೆ ಮತ್ತೆ ಚುರುಕಾಗುತ್ತದೆ, ವಿಂಡೋಸ್ ಕೂಡ ಪಕ್ಕದಲ್ಲೇ ಉಳಿಯುತ್ತದೆ ಎಂದು ಮೊಬೈಲಿನಲ್ಲಿ ವೀಡಿಯೊಗಳನ್ನು ನೋಡಿದೆ. ಬಸ್ಸಿನಲ್ಲಿ ನೋಡಿದೆ, ಮನೆಯಲ್ಲಿ ನೋಡಿದೆ, ಸ್ಟಾಫ್ ರೂಮಿನಲ್ಲಿ ಒಂದು ವಾರ ಭಾಷಣ ಬಿಗಿದೆ.

"ನಂಗೇನೂ ಬ್ಯಾಡ ಕಣ್ರಿ. ಇರೋದು ಇದ್ದಂಗೇ ಇರ್ಲಿ" ಅಂದಳು ಗೌರಿ.

"ಒಂದೇ ಅಡುಗೆಮನೇಲಿ ಎರಡು ಒಲೆ ಇದ್ದ ಹಾಗೆ ಕಣೇ. ನಿನ್ನ ಒಲೆ ನಾನು ಮುಟ್ಟೋದೇ ಇಲ್ಲ" ಅಂದೆ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಮೊದಲು ಡಿ ಡ್ರೈವನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಇವತ್ತು ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಕಾಪಿ ಶುರುವಾಯಿತು, ಆಮೆ ನಡಿಗೆ. ನಾಲ್ಕೂಕಾಲಿಗೆ ನೋಡಿದರೆ ಇನ್ನೂ ಐವತ್ತು ನಿಮಿಷ ಬೇಕು ಅಂತು. ಭಾನುವಾರ ನಾಲ್ಕೂವರೆಗೆ ರಾಹುಕಾಲ. ರಾಹುಕಾಲ ಅಂತ ಒಂದಿಲ್ಲವೇ ಇಲ್ಲ ಎಂದು ಪ್ರತಿ ವರ್ಷ ಹತ್ತನೇ ತರಗತಿಗೆ ಮೇಜು ಕುಟ್ಟಿ ಹೇಳುವವನು ನಾನು. ಆದರೆ ಆ ಇಲ್ಲದ್ದು ಯಾವ ವಾರ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎನ್ನುವುದು ನನಗೆ ಬಾಯಿಪಾಠ. ಅದು ಮುಗಿಯುವ ಆರು ಗಂಟೆಯವರೆಗೆ ಕೈ ಕಟ್ಟಿ ಕೂರುವುದು ನನ್ನಿಂದಾಗದು. ಕಾಪಿಯನ್ನು ಅರ್ಧಕ್ಕೆ ನಿಲ್ಲಿಸಿ, ನಾಲ್ಕೂ ಇಪ್ಪತ್ತಕ್ಕೆ ಲಿನಕ್ಸ್ ಹಾಕಲು ಶುರು ಮಾಡಿಯೇ ಬಿಟ್ಟೆ.

ಅಡುಗೆಮನೆಯಿಂದ ಗೌರಿ ಕೇಳಿದಳು: "ಕಾಪಿ ಆಯ್ತೇನ್ರಿ?"

"ಆಯ್ತು, ಆಯ್ತು" ಅಂದೆ.

ಎಲ್ಲಿ ಹಾಕಲಿ ಎಂದು ಲಿನಕ್ಸ್ ಕೇಳಿತು. ಅದರಲ್ಲಿ ಸಿ, ಡಿ ಎನ್ನುವ ಹೆಸರುಗಳೇ ಇಲ್ಲ; ಒಂದು, ಎರಡು, ಮೂರು ಎಂದು ಮೂರು ಭಾಗ ತೋರಿಸಿತು. ಒಂದನೆಯದು ಸಿ, ಎರಡನೆಯದು ಡಿ, ಮೂರನೆಯದು ಯಾವುದೋ ಮಿಕ್ಕ ಜಾಗ ಇರಬೇಕು ಎಂದು ಲೆಕ್ಕ ಹಾಕಿ ಮೂರನೆಯದನ್ನು ಅಳಿಸಲು ಹೇಳಿದೆ. ಮೊದಲನೆಯದು ವಿಂಡೋಸ್ ತನ್ನ ಕೆಲಸಕ್ಕೆ ಬಚ್ಚಿಟ್ಟುಕೊಂಡಿದ್ದ ಚೂರು ಜಾಗ, ಎರಡನೆಯದು ಸಿ, ಮೂರನೆಯದೇ ಡಿ ಎಂದು ತಿಳಿದದ್ದು ಎಲ್ಲ ಮುಗಿದ ಮೇಲೆ. ಲಿನಕ್ಸ್ ಮಾತ್ರ ಚಿನ್ನದಂತೆ ಕೂತಿತು. ಖುಷಿಯಿಂದ ಗೌರಿಯನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿ, "ನನ್ ಡಿಸೈನೆಲ್ಲ ಎಲ್ಲಿ ಅವೆ ರೀ?" ಅಂದಳು. ಪೆನ್‌ಡ್ರೈವಿನಲ್ಲಿ ಉಳಿದದ್ದು ಮೊದಲು ಕಾಪಿಯಾದ ನನ್ನ ಫೋಲ್ಡರು: ಎಂಟನೇ ತರಗತಿಯ ಉಸಿರಾಟದ ಪಾಠದ ಟಿಪ್ಪಣಿಗಳು. ಶುಭ ಮುಹೂರ್ತದಲ್ಲೇ ಶುರು ಮಾಡಿದ್ದರಿಂದ ರಾಹುವನ್ನು ಬೈಯುವ ಹಾಗೂ ಇಲ್ಲ.

ಗೌರಿಯಾದರೂ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಕಂಪ್ಯೂಟರ್ ಹೊತ್ತುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿಯವರ ಬಳಿ ಹೋದೆ. ಎರಡು ದಿನ ಹೆಣಗಾಡಿ ಅವರು, "ಅದ್ರ ಮ್ಯಾಲೇ ಹೊಸದು ಬರ್ದ್ಬುಟ್ಟಿದ್ದೀರಲ್ಲ ಸಾ, ಕೆಳಗಿಂದು ಸಿಕ್ಕಾಕಿಲ್ಲ" ಅಂದರು. ಡಿಸೈನಿನ ಪ್ರಕಾರ ತೂತು ಕೊರೆದು ಮಗ್ಗಕ್ಕೆ ಹಾಕಿದ್ದ ರಟ್ಟುಗಳನ್ನು ಗೌರಿಯ ಅಣ್ಣ ಕೆಲಸ ಮುಗಿದ ಮೇಲೆ ಅಟ್ಟಕ್ಕೆಸೆದು ಇಲಿಗಳಿಗೆ ಬಿಟ್ಟಿದ್ದರು. "ಓಗ್ಲಿ ಬುಡವ್ವ, ನೇಯ್ದಿರೋ ಸೀರೆಗಳು ಅವಲ್ಲ, ಅವುನ್ನೇ ನೋಡ್ಕಂಡು ಬರ್ಕೊ" ಎಂದು ಅವರೇ ದಾರಿ ತೋರಿಸಿದರು.

ಅಂದಿನಿಂದ ನಮ್ಮ ಭಾನುವಾರಗಳು ಆ ಸೀರೆ ಉಟ್ಟವರ ಮನೆಗಳಲ್ಲಿ. ಧನಗೆರೆಯಲ್ಲಿ ಒಂದು ಅಂಚು, ಮಾಂಬಳ್ಳಿಯಲ್ಲಿ ಎರಡು ಸೆರಗು. ಅವರು ಪೆಟ್ಟಿಗೆಯಿಂದ ಮದುವೆ ಸೀರೆ ತೆಗೆದು ಹಾಸುತ್ತಾರೆ. ನಾನು ಭೂತಗನ್ನಡಿ ಹಿಡಿದು "ಮೂರು ಹಸಿರು, ಎರಡು ಖಾಲಿ, ಐದು ಜರಿ" ಎಂದು ಎಳೆ ಎಣಿಸಿ ಹೇಳುತ್ತೇನೆ, ಗೌರಿ ಚೌಕುಳಿ ಹಾಳೆಯಲ್ಲಿ ತುಂಬುತ್ತಾಳೆ. ಕಂಪ್ಯೂಟರನ್ನು ಅವಳು ಮತ್ತೆ ಮುಟ್ಟಿಲ್ಲ. ಮಾಂಬಳ್ಳಿಯ ಅಜ್ಜಿಯೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಏನವ್ವ, ನಿನ್ ಗಂಡ ಮೇಷ್ಟ್ರು ಕೆಲ್ಸ ಬುಟ್ಬುಟ್ರಾ?" ಎಂದು ಕೇಳಿದರು. ಗೌರಿ ಅವತ್ತು ಸ್ವಲ್ಪ ನಕ್ಕಳು.

ಹೀಗೆ ಮುಕ್ಕಾಲು ಪಾಲು ವಾಪಸು ಬಂತು. ಬಾರದೆ ಉಳಿದದ್ದು ಒಂದು ಸೆರಗು. ಹಾಸ್ಟೆಲಿನಲ್ಲಿದ್ದು ಓದುತ್ತಿರುವ ನಮ್ಮ ಮಗಳ ಮದುವೆಗೆ ಮುಂದೆ ಬೇಕಾದೀತೆಂದು ಗೌರಿ ಮೂರು ವರ್ಷ ಕೂತು ಬರೆದದ್ದು ಅದು. ಬೇರೆಯವರು ಉಟ್ಟಾರೆಂದು ಮಗ್ಗಕ್ಕೆ ಕೊಟ್ಟಿರಲಿಲ್ಲ, ಅಣ್ಣನಿಗೂ ತೋರಿಸಿರಲಿಲ್ಲ. ಅದನ್ನು ಕಂಡಿದ್ದವರು ಲೋಕದಲ್ಲಿ ಇಬ್ಬರೇ, ಅವಳು ಮತ್ತು ನಾನು.

ಮೊನ್ನೆ ಹಾಳೆಗಳನ್ನು ಅಂಟಿಸಿಕೊಂಡು ಅದನ್ನೇ ಬರೆಯುತ್ತಿದ್ದವಳು ತಲೆಯೆತ್ತಿ, "ರೀ, ಮುಗಿದ್ ದಿನ ಕರ್ದು ತೋರ್ಸಿದ್ನಲ್ಲ, ಮೂಲೇಲಿ ಹಂಸದ ಮುಂದೆ ಏನ್ ಬರ್ದಿದ್ದೆ? ನಂಗೇ ಮರ್ತೋಗ್ಯದೆ" ಅಂದಳು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಲಿನಕ್ಸ್ ವೀಡಿಯೊ ನೋಡುತ್ತಿದ್ದೆ. "ಬನ್ನಿ, ನೋಡಿ" ಎಂದು ಕರೆದಳು. ಎದ್ದು ಹೋಗಿ ಅವಳ ಹಿಂದೆ ನಿಂತೆ, ಕಣ್ಣು ಮೊಬೈಲಿನಲ್ಲೇ ಇತ್ತು. "ಬಹಳ ಚೆನ್ನಾಗಿದೆ" ಅಂದೆ.

ಪೆನ್ಸಿಲ್ ಹಿಡಿದು ಅವಳು ಕಾಯುತ್ತಿದ್ದಳು. ಏನಾದರೂ ಹೇಳಲೇಬೇಕಲ್ಲ. "ಹೂವು ಅನ್ನಿಸತ್ತೆ" ಅಂದೆ.

"ಹೂವಲ್ಲ ಕಣ್ರಿ. ಅಷ್ಟು ಮಾತ್ರ ನಂಗೆ ಗ್ಯಾಪ್ಕ ಅದೆ" ಎಂದು ಹಾಳೆಗಳನ್ನು ಮಡಿಸಿಟ್ಟಳು.

ಈಗೆಲ್ಲ "ಬನ್ನಿ, ನೋಡಿ" ಎಂದು ಅವಳು ಕರೆದರೆ ಮೊಬೈಲು ಬಿಸಾಕಿ ಓಡಿ ಹೋಗಲು ನಾನು ತಯಾರಾಗಿ ಕೂತಿರುತ್ತೇನೆ. ಅವಳು ಕರೆಯುತ್ತಿಲ್ಲ.